ಸುರಂಗ ಬಂದಾಗ ಕೋಡುಬಳೆ

ಕೋಡುಬಳೆ ಸದ್ದಿಲ್ಲದೆ ತಿನ್ನುವ ವಸ್ತುವಲ್ಲ. ಹದವಾಗಿ ಕರಿದಿದ್ದರೆ ಪಕ್ಕದ ಮನೆಗೂ ಕೇಳಬೇಕು. ಸದ್ದು ಬರಲಿಲ್ಲವೆಂದರೆ ಯಾರೋ ಡಬ್ಬಿ ಮುಚ್ಚಳ ಸರಿಯಾಗಿ ಹಾಕಿಲ್ಲ ಅಂತಲೇ ಅರ್ಥ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಇದೊಂದು ತೊಂದರೆ ಎಂದು ಗೊತ್ತಾಗಿದ್ದು ನಾರ್ವೆಯಲ್ಲಿ, ಆಸ್ಲೊದಿಂದ ಬರ್ಗೆನ್‌ಗೆ ಹೋಗುವ ರೈಲಿನಲ್ಲಿ.

ಟಿಕೆಟ್ ತೆಗೆದಿದ್ದು ಮಗಳು. "ಅಪ್ಪ, ಸದ್ದುಗದ್ದಲ ಇಲ್ಲದ ಬೋಗಿ. ಕಿಟಕಿ ಸೀಟು. ಆರಾಮಾಗಿ ನೋಡ್ಕೊಂಡು ಹೋಗು" ಅಂದಿದ್ದಳು. ಅವಳಿಗೆಂದು ಅವಳಮ್ಮ ಕರಿದು ಕಳಿಸಿದ್ದ ಕೋಡುಬಳೆಯಲ್ಲಿ ಒಂದು ಡಬ್ಬಿ ನನ್ನ ಪಾಲಿಗೆ ಬಂದಿತ್ತು. ಹಿಂದಿನ ದಿನ ಆಸ್ಲೊ ಸುತ್ತಾಡಿ ಆಗಿತ್ತು. ಸ್ಟೇಷನ್ ಪಕ್ಕದಲ್ಲೇ ಇರುವ ಒಪೆರಾ ಹೌಸಿನ ಇಳಿಜಾರು ಛಾವಣಿಯ ಮೇಲೆ ಎಲ್ಲರ ಹಾಗೆ ನಾನೂ ನಡೆದಿದ್ದೆ. ಒಳಗೆ ಹಾಡು, ತಲೆ ಮೇಲೆ ನಾವು. ನಮ್ಮಲ್ಲಾಗಿದ್ದರೆ ಅಲ್ಲಿ ಹಪ್ಪಳ ಒಣಗಿಸುತ್ತಿದ್ದರು.

ರೈಲು ಹೊರಟು ಹತ್ತು ನಿಮಿಷಕ್ಕೆ ಮೊದಲ ಕೋಡುಬಳೆ ಕಚ್ಚಿದೆ. ಕಟಕ್! ಇಡೀ ಬೋಗಿಗೆ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ. ಅದೇ ಕಷ್ಟ ನೋಡಿ. ನಮ್ಮ ಕಡೆ ರೈಲಿನಲ್ಲಿ ನಾಲ್ಕು ಜನ ತಿರುಗುತ್ತಾರೆ, ತಲೆಗೊಂದು ಕೊಟ್ಟರೆ ಊರು, ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಿಗೆ ಬರುತ್ತವೆ. ಇಲ್ಲಿ ಹಾಗಲ್ಲ. ಎಲ್ಲರೂ ಕೇಳಿಸಿಕೊಂಡು, ಕೇಳಿಸಲಿಲ್ಲ ಎಂಬಂತೆ ಕೂತಿದ್ದರು. ಅರ್ಧ ಕೋಡುಬಳೆ ಬಾಯಲ್ಲಿ ನೆನೆಯುತ್ತಾ ಕೂತಿತು.

ಅಷ್ಟರಲ್ಲಿ ಸುರಂಗ ಬಂತು. ಗಡಗಡ ಸದ್ದು ಕಿವಿ ತುಂಬಿತು. ನಾನು ಧೈರ್ಯವಾಗಿ ಅಗಿದೆ. ಸಮಸ್ಯೆ ಬಗೆಹರಿಯಿತು.

ಸುಮಾರು 500 ಕಿಲೋಮೀಟರ್‌ನ ಈ ದಾರಿಯಲ್ಲಿ ಸುರಂಗಗಳು 180ರ ಆಸುಪಾಸು ಇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವಾಗಿನ 57 ಸುರಂಗಗಳನ್ನು ಬಾಲ್ಯದಿಂದ ಎಣಿಸಿಕೊಂಡು ಬಂದವನಿಗೆ ಇದು ಹಬ್ಬ. ಸುರಂಗ ಬಂದರೆ ನೋಟ ಹೋಯಿತು ಎಂದು ಎದುರಿನ ಪ್ರವಾಸಿಗಳು ಕ್ಯಾಮೆರಾ ಇಳಿಸಿ ಮುಖ ಸಣ್ಣದು ಮಾಡುತ್ತಿದ್ದರು. ನನಗೆ ಎರಡೂ ಕಡೆ ಲಾಭ. ಬೆಳಕಿದ್ದಾಗ ಕಣ್ಣಿಗೆ, ಕತ್ತಲಾದಾಗ ಬಾಯಿಗೆ.

ಯೈಲೊ ದಾಟಿದ ಮೇಲೆ ಮರಗಳು ಕುಳ್ಳಗಾಗುತ್ತಾ ಹೋಗಿ, ಒಂದು ಕಡೆ ನಿಂತೇಹೋದವು. ಆಮೇಲೆ ಬರೀ ಬಂಡೆ, ನೀರು, ಹಿಮ. ಫಿನ್ಸೆ ಸ್ಟೇಷನ್ ಇರುವುದು 1222 ಮೀಟರ್ ಎತ್ತರದಲ್ಲಿ. ಮಡಿಕೇರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಎತ್ತರದಲ್ಲಿ ನಮ್ಮಲ್ಲಿ ಕಾಫಿ, ಏಲಕ್ಕಿ. ಇಲ್ಲಿ ಜೂನ್ ತಿಂಗಳಲ್ಲೂ ಕೆರೆಯ ಮೇಲೆ ಮಂಜುಗಡ್ಡೆ. ಧ್ರುವ ಪ್ರದೇಶಗಳ ಅನ್ವೇಷಕ ಶ್ಯಾಕಲ್ಟನ್ 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಡುವ ಮೊದಲು ತನ್ನ ಮೋಟಾರು ಜಾರುಬಂಡಿಗಳನ್ನು ಇಲ್ಲೇ ಓಡಿಸಿ ನೋಡಿದ್ದನಂತೆ. ನಂಬಬಹುದು. ಫಿನ್ಸೆಗೆ ಇವತ್ತಿಗೂ ಕಾರು ಹೋಗುವ ರಸ್ತೆ ಇಲ್ಲ. ರೈಲೇ ಗತಿ. ಹಳಿ ಹಾಕುವಾಗ ಸಾಮಾನು ಸಾಗಿಸಲೆಂದು ಕೂಲಿಗಳು ಮಾಡಿಕೊಂಡ ಕಚ್ಚಾ ದಾರಿಯೊಂದಿದೆ, ಅದರಲ್ಲಿ ಈಗ ಜನ ಸೈಕಲ್ ತುಳಿಯುತ್ತಾರೆ. 1909ರಲ್ಲಿ ರಾಜ ಬಂದು ಉದ್ಘಾಟನೆ ಮಾಡಿದ ಮೇಲೂ ಹಿಮದ ಜೊತೆ ಜಗಳ ನಿಲ್ಲಲಿಲ್ಲ. ಹಳಿ ಮುಚ್ಚಿಹೋಗಬಾರದೆಂದು ಮೇಲೆ ಮರದ ಮಾಡು ಕಟ್ಟಿದರು, ಗುಡಿಸಿದರು, ತಳ್ಳಿದರು. ಕೊನೆಗೆ ಸಾಕಪ್ಪಾ ಎಂದು ಬೆಟ್ಟದೊಳಗೆ 10 ಕಿಲೋಮೀಟರ್ ಸುರಂಗ ಕೊರೆದು ಹಳಿಯನ್ನು ಅದರೊಳಗೆ ತೂರಿಸಿದರು. ಸೊಗಸಾದ ನೋಟ ಹೋಯಿತು, ರೈಲು ಹೊತ್ತಿಗೆ ಸರಿಯಾಗಿ ಬರತೊಡಗಿತು. ಈ ದಾರಿಯ ತೀರಾ ಎತ್ತರದ ಜಾಗ, 1237 ಮೀಟರ್, ಈಗ ಆ ಕತ್ತಲೊಳಗೇ ಇದೆ. ಅಲ್ಲಿ ನಾನು ಮೂರು ಕೋಡುಬಳೆ ಮುಗಿಸಿದೆ.

ನಾಲ್ಕನೆಯದಕ್ಕೆ ಕೈ ಹಾಕಿದಾಗ ಪಕ್ಕದ ಸೀಟಿನ ಅಜ್ಜಿ ಡಬ್ಬಿಯನ್ನೇ ನೋಡುತ್ತಿದ್ದರು. ಯೈಲೊದಲ್ಲಿ ಹತ್ತಿದವರು, ಅಲ್ಲಿಯವರೆಗೆ ಒಂದು ಮಾತಿಲ್ಲ. ಡಬ್ಬಿ ಮುಂದೆ ಹಿಡಿದೆ. ಒಂದು ತೆಗೆದುಕೊಂಡು "ತಕ್" ಎಂದರು. ಅಂದರೆ ಥ್ಯಾಂಕ್ಸ್. ಕೋಡುಬಳೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಆಮೇಲೆ ಅವರು ತಮ್ಮ ಬುತ್ತಿ ಬಿಚ್ಚಿದರು. ಬುತ್ತಿಗೆ ಅವರು 'ಮಾತ್‌ಪಾಕ್ಕೆ' ಅನ್ನುತ್ತಾರೆ. ಬ್ರೆಡ್ ಹೋಳು, ಮೇಲೊಂದು ಪದರ ಚೀಸ್, ಹೋಳುಗಳು ಅಂಟದ ಹಾಗೆ ನಡುನಡುವೆ ಅಳತೆಗೆ ಕತ್ತರಿಸಿದ ಕಾಗದ. ಎಲ್ಲವೂ ಮೆತ್ತಗೆ. ಮಾತಾಡದ ಬೋಗಿಗೆ ಮಾತಾಡದ ತಿಂಡಿ! ಒಂದು ಹೋಳು ನನಗೂ ಬಂತು. ಚೀಸಿನ ಬಣ್ಣ ಕಂದು. ಕಚ್ಚಿದೆ, ಬೆಚ್ಚಿದೆ. ಇದು ಧಾರವಾಡ ಪೇಡೆಯ ದಾಯಾದಿ! ಬ್ರೂನೂಸ್ತ್ ಅಂತ ಹೆಸರು. ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರನ್ನು, ಜೊತೆಗೆ ಒಂದಿಷ್ಟು ಹಾಲು, ಕೆನೆ ಸೇರಿಸಿ, ಗಂಟೆಗಟ್ಟಲೆ ಕಾಯಿಸಿ ಬತ್ತಿಸುತ್ತಾರೆ. ಅದರಲ್ಲಿರುವ ಸಕ್ಕರೆ ಅಂಶ ಕಂದಿ ಆ ಬಣ್ಣ, ಆ ಸಿಹಿ ಬರುತ್ತದೆ. ಧಾರವಾಡದವರು ಹಾಲು ಬತ್ತಿಸಿ ಖೋವಾ ಹುರಿಯುತ್ತಾರೆ, ಇವರು ತಿಳಿ ಬತ್ತಿಸುತ್ತಾರೆ. ಸ್ವಲ್ಪ ಉಪ್ಪುಪ್ಪು, ಸ್ವಲ್ಪ ಮೇಕೆಯ ವಾಸನೆ. ಎರಡನೇ ಹೋಳಿಗೆ ಅದೂ ಒಗ್ಗಿತು.

ಆದರೆ ಅಜ್ಜಿ ಕೋಡುಬಳೆ ಮುಟ್ಟಿರಲಿಲ್ಲ. ಕಾಗದದ ಮೇಲೆ ಹಾಗೇ ಇಟ್ಟುಕೊಂಡಿದ್ದರು. ಹಿಡಿಸಲಿಲ್ಲವೇನೋ ಅಂದುಕೊಂಡೆ. ಮೀರ್ಡಾಲ್ ಬಂತು. ಪ್ರವಾಸಿಗಳೆಲ್ಲ ದಡದಡ ಇಳಿದು ಫ್ಲಾಮ್ ಕಡೆಯ ರೈಲಿಗೆ ಓಡಿದರು. 20 ಕಿಲೋಮೀಟರ್‌ನಲ್ಲಿ 860 ಮೀಟರ್‌ಗಿಂತ ಜಾಸ್ತಿ ಇಳಿಯುವ ದಾರಿ ಅದು, 18 ಅಡಿ ನಡೆದರೆ ಒಂದಡಿ ಕೆಳಗೆ. ನಮ್ಮ ಘಾಟಿಯಲ್ಲಿ 50ಕ್ಕೆ ಒಂದು. ನನ್ನ ಟಿಕೆಟ್ ನೇರ ಬರ್ಗೆನ್‌ಗೆ ಇತ್ತು. ಡಬ್ಬಿಯೂ ಖಾಲಿಯಾಗಿರಲಿಲ್ಲ.

ಮೀರ್ಡಾಲ್ ಬಿಟ್ಟ ಕೂಡಲೇ ಇನ್ನೊಂದು ದೊಡ್ಡ ಸುರಂಗ, 5 ಕಿಲೋಮೀಟರ್‌ನದು. ಕತ್ತಲಾಯಿತು, ಗಡಗಡ ಶುರುವಾಯಿತು. ಅಜ್ಜಿ ಒಮ್ಮೆ ನನ್ನ ಕಡೆ ನೋಡಿ, ಕೋಡುಬಳೆ ಎತ್ತಿಕೊಂಡು ಕಚ್ಚಿದರು. ಇಷ್ಟು ಹೊತ್ತೂ ಅವರು ನನ್ನನ್ನು ಗಮನಿಸುತ್ತಿದ್ದರು ಅಂತ ಆಯಿತು, ಅಲ್ವಾ?

ವೋಸ್ ಕಳೆದು ಬರ್ಗೆನ್ ಹತ್ತಿರವಾಯಿತು. ಊರಿಗೆ ಮುಂಚೆ ಉಲ್ರಿಕೆನ್ ಬೆಟ್ಟದ ಕೆಳಗೆ ಏಳೂವರೆ ಕಿಲೋಮೀಟರ್‌ಗಿಂತ ಉದ್ದದ ಕೊನೆಯ ಸುರಂಗ. ಡಬ್ಬಿಯಲ್ಲಿ ಎರಡು ಉಳಿದಿದ್ದವು. ಅವರಿಗೊಂದು, ನನಗೊಂದು. ಹೊರಗೆ ಬಂದರೆ ಜಡಿಮಳೆ. ಅಜ್ಜಿ ಮಡಿಲ ಮೇಲಿನ ಪುಡಿಯನ್ನು ಕಾಗದದೊಳಗೆ ಒಟ್ಟುಮಾಡಿ ಮಡಚಿ, ಚೀಲದಿಂದ ಕೊಡೆ ತೆಗೆದರು. ನನ್ನ ಕೊಡೆ ಆಸ್ಲೊದಲ್ಲಿ, ಮಗಳ ಮನೆಯ ಬಾಗಿಲ ಹಿಂದೆ ನೇತಾಡುತ್ತಿತ್ತು.