ನಮ್ಮವರ ಗ್ರೂಪಿನಲ್ಲಿ ರಾಜಕೀಯ ಮಾತಾಡಬಹುದೆ?

ಪರ
(ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ ಹೋಟೆಲು ನಡೆಸುವವರು)

2022ರ ಡಿಸೆಂಬರ್ ಮೊದಲ ವಾರ. ಬೆಳಗಾವಿ ಯಾರದು ಎಂಬ ಕರ್ನಾಟಕ, ಮಹಾರಾಷ್ಟ್ರದ ಗಡಿ ಜಗಳ ಮತ್ತೆ ಎದ್ದಿತ್ತು. ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲಿನಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಳಿದರು. ಆಗ ನನ್ನ ತಂಗಿಯ ಮಾವ ಹುಬ್ಬಳ್ಳಿಯಲ್ಲಿದ್ದರು. 71 ವರ್ಷ. ಕಣ್ಣಿನ ಆಪರೇಶನ್ನಿಗೆ ಇಲ್ಲಿಗೆ ಬರಬೇಕಿತ್ತು. ಬಸ್ಸು ನಂಬುವ ಹಾಗಿಲ್ಲವೆಂದು ಬಾಡಿಗೆ ಕಾರು ಹೇಳಿದ್ದರು. ಹೊರಡಲೋ ಬೇಡವೋ ಎಂದು ತಂಗಿ ನನಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಳು.

ನಮ್ಮ ಕಡೆಯ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಸುಮಾರು ಮುನ್ನೂರು ಜನ. ಮಧ್ಯಾಹ್ನ ಊಟದ ಗಿರಾಕಿ ಇಳಿಯುವ ಹೊತ್ತಿಗೆ ಅಲ್ಲಿಗೆ ಒಂದು ವಿಡಿಯೊ ಬಂತು. ಹೆದ್ದಾರಿಯಲ್ಲಿ ಕಾರೊಂದು ಉರಿಯುತ್ತಿದೆ, ಕೆಳಗೆ ‘ನಿಪ್ಪಾಣಿ ಹತ್ತಿರ, ಈಗ’ ಎಂದು ಬರೆದಿದೆ. ಹತ್ತು ನಿಮಿಷ ಕಳೆದಿರಲಿಲ್ಲ, ಗ್ರೂಪಿನಲ್ಲೇ ಇದ್ದ ಲಾರಿ ಟ್ರಾನ್ಸ್‌ಪೋರ್ಟಿನವರೊಬ್ಬರು ಬರೆದರು: ‘ನಮ್ಮ ಗಾಡಿ ಅರ್ಧ ಗಂಟೆ ಹಿಂದೆ ನಿಪ್ಪಾಣಿ ದಾಟಿದೆ. ಡ್ರೈವರ್ ಹತ್ತಿರ ಈಗಷ್ಟೇ ಮಾತಾಡಿದೆ. ರಸ್ತೆ ಸರಿ ಉಂಟು, ಯಾವ ಕಾರೂ ಸುಟ್ಟಿಲ್ಲ.’ ಅಡ್ಮಿನ್ ಎರಡನ್ನೂ ಅಳಿಸಿದರು. ‘ಇಲ್ಲಿ ರಾಜಕೀಯ ಬೇಡ’ ಎಂದು ಬರೆದು ಮುಗಿದ ಕೈಯ ಚಿತ್ರ ಹಾಕಿದರು.

ವಿಡಿಯೊವನ್ನು ಅಷ್ಟರೊಳಗೆ ಎಲ್ಲರೂ ನೋಡಿಯಾಗಿತ್ತು, ಊರಿಗೂ ಕಳಿಸಿಯಾಗಿತ್ತು. ಲಾರಿಯವರ ಮಾತು ಓದಿದ್ದು ಕೆಲವೇ ಮಂದಿ. ತಂಗಿ ಓದಿರಲಿಲ್ಲ. ಕಾರು ಬೇಡವೆಂದರು, ಆಪರೇಶನ್ ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು. ಲಾರಿಯವರು ಅಂದೇ ಸಂಜೆ ಗ್ರೂಪು ಬಿಟ್ಟರು. ಸುಳ್ಳನ್ನು ಹಾಕಿದವರು ಈಗಲೂ ಇದ್ದಾರೆ, ದಿನವೂ ಬೆಳಿಗ್ಗೆ ದೇವರ ಫೋಟೊ ಕಳಿಸುತ್ತಾರೆ.

‘ರಾಜಕೀಯ ಬೇಡ’ ಎಂಬ ಮಾತು ನನಗೆ ಅಂದಿನಿಂದ ಸಹಿಸಲಾಗದ ಮಾತು. ಬೇಡವೆಂದವರು ಯಾವುದನ್ನು ಬೇಡ ಎನ್ನುತ್ತಿದ್ದಾರೆ? ಪಕ್ಷದ ಹೆಸರನ್ನಾದರೆ ಒಪ್ಪಬಹುದಿತ್ತು. ಮುಂಬಯಿಯಲ್ಲಿ ಇರುವ ಕನ್ನಡಿಗನಿಗೆ ರಾಜಕೀಯ ಎಂದರೆ ಪಕ್ಷ ಮಾತ್ರವಲ್ಲ. ಬೆಳಗಾವಿಗೆ ಹೋಗುವ ರಸ್ತೆ ಅವನ ರಾಜಕೀಯ. ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಮಕ್ಕಳು ಉಳಿದಿದ್ದಾರೆಯೇ ಎಂಬುದು ರಾಜಕೀಯ. ಅಂಗಡಿಯ ಬೋರ್ಡು ರಾಜಕೀಯ. ಇವನ್ನೆಲ್ಲ ತೆಗೆದ ಮೇಲೆ ಗ್ರೂಪಿನಲ್ಲಿ ಉಳಿಯುವುದು ಹುಟ್ಟುಹಬ್ಬದ ಕೇಕು.

ಬೋರ್ಡಿನ ವಿಚಾರವನ್ನೇ ನೋಡಿ. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾನೂನು ತಿದ್ದಿ, ಹತ್ತಕ್ಕಿಂತ ಕಡಿಮೆ ಕೆಲಸದವರಿರುವ ಅಂಗಡಿಗೂ ಮರಾಠಿ ಬೋರ್ಡು ಕಡ್ಡಾಯ ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವ್ಯಾಪಾರಿಗಳಿಗೆ ಎರಡು ತಿಂಗಳು ಕೊಟ್ಟಿತು, ನವೆಂಬರ್ 25 ಕೊನೆಯ ದಿನ. ಕಾನೂನು ಹೇಳಿದ್ದು ದೇವನಾಗರಿಯ ಮರಾಠಿ ಅಕ್ಷರ ಬೇರೆ ಲಿಪಿಯ ಅಕ್ಷರಕ್ಕಿಂತ ಸಣ್ಣದಿರಬಾರದು ಎಂದು. ಬೇರೆ ಲಿಪಿ ಇರಲೇಬಾರದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ನಾನು ಅಷ್ಟನ್ನೇ ಗ್ರೂಪಿನಲ್ಲಿ ಬರೆದೆ. ಅಳಿಸಿದರು. ನಮ್ಮ ರಸ್ತೆಯ ಮೂವರು ಹೋಟೆಲಿನವರು ಹೆದರಿ ಕನ್ನಡ ಅಕ್ಷರವನ್ನೇ ಪೂರ್ತಿ ಒರೆಸಿ ಹಾಕಿದರು. ಅವರಲ್ಲಿ ಒಬ್ಬರದು ಅವರ ಅಪ್ಪ ಬರೆಸಿದ ಬೋರ್ಡು.

ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. 2012ರ ನವೆಂಬರಿನಲ್ಲಿ ಶಿವಸೇನೆಯ ಬಾಳಾಸಾಹೇಬ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆದದ್ದರ ಬಗ್ಗೆ ಪಾಲ್ಘರಿನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಹಿಡಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಆಗ ಜೀವಂತವಿತ್ತು, ಮೂರು ವರ್ಷದವರೆಗೆ ಜೈಲು. ಆ ಬಂಧನ ಕಂಡು ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ಕೋರ್ಟು ಆ ಕಲಮನ್ನೇ ರದ್ದು ಮಾಡಿತು. ಅಡ್ಮಿನ್‌ಗಳ ಭಯಕ್ಕೂ ಉತ್ತರ ಸಿಕ್ಕಿದೆ. ಸದಸ್ಯನೊಬ್ಬ ಕೆಟ್ಟದ್ದು ಬರೆದರೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಿಕ್ಕಾಗದು, ಇಬ್ಬರೂ ಮೊದಲೇ ಸೇರಿ ಯೋಜಿಸಿದ್ದರೆ ಮಾತು ಬೇರೆ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿತು. ಕೋರ್ಟು ತೆಗೆದ ಬೀಗವನ್ನು ನಾವು ನಮ್ಮ ಕೈಯಿಂದಲೇ ಮತ್ತೆ ಹಾಕಿಕೊಂಡಿದ್ದೇವೆ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯವಾದದ್ದು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಕಳಿಸಿದವನು ಮತ್ತು ಪಡೆದವರು ಬಿಟ್ಟು ನಡುವೆ ಯಾರೂ ಓದಲಾರರು, ಕಂಪನಿಯೂ ಓದಲಾರದು. ಒಳ್ಳೆಯದೇ. ಆದರೆ ಸುಳ್ಳು ಬಂದರೆ ಅದನ್ನು ಹಿಡಿಯಲಿಕ್ಕೂ ಹೊರಗಿನವರು ಬರುವುದಿಲ್ಲ. ಒಳಗೆ ಇರುವವರೇ ‘ಇದು ಹಾಗಲ್ಲ ಮಾರಾಯ್ರೆ’ ಎನ್ನಬೇಕು. 2022ರ ಆ ಡಿಸೆಂಬರ್ 14ಕ್ಕೆ ಅಮಿತ್ ಶಾ ಆಗಿನ ಇಬ್ಬರು ಮುಖ್ಯಮಂತ್ರಿಗಳನ್ನು, ಬೊಮ್ಮಾಯಿ ಮತ್ತು ಶಿಂದೆ ಅವರನ್ನು, ದೆಹಲಿಯಲ್ಲಿ ಕೂರಿಸಿ ಮಾತಾಡಿದ ಮೇಲೆ ಹೊರಗೆ ಬಂದು ಹೇಳಿದ್ದೇನು? ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಈ ಬೆಂಕಿಗೆ ಕಾರಣ ಎಂದು. ದೇಶದ ಗೃಹ ಸಚಿವರೇ ನಕಲಿಯ ಬಗ್ಗೆ ಬಾಯಿಬಿಟ್ಟು ಹೇಳಬಹುದು, ನಮ್ಮ ಗ್ರೂಪಿನಲ್ಲಿ ಲಾರಿಯವರು ಹೇಳಬಾರದು!

ಜಗಳವಾಗುತ್ತದೆ ಎನ್ನುವವರಿಗೆ ಬೆಳಿಗ್ಗೆ ಗುಲಾಬಿ, ರಾತ್ರಿ ಚಂದ್ರ ಸಾಕು. ಅವರ ಮನೆಗೆ ಕಲ್ಲು ಬಿದ್ದಿಲ್ಲ. 1969ರ ಫೆಬ್ರವರಿಯಲ್ಲಿ ಇದೇ ಗಡಿ ವಿಷಯಕ್ಕೆ ಮುಂಬಯಿ ಹೊತ್ತಿಕೊಂಡಾಗ ನನ್ನ ಅಪ್ಪ ದಾದರಿನ ಹೋಟೆಲೊಂದರಲ್ಲಿ ಮಾಣಿ. ಹದಿನಾರು ವರ್ಷ. ಯಾವ ಬೀದಿಯಲ್ಲಿ ಗುಂಪು ಸೇರಿದೆ, ಯಾವ ಹೋಟೆಲಿನ ಕನ್ನಡಿ ಒಡೆಯಿತು ಎಂದು ಒಂದು ಹೋಟೆಲಿನ ಮಾಣಿ ಇನ್ನೊಂದರ ಹಿಂಬಾಗಿಲಿಗೆ ಓಡಿ ಬಂದು ಹೇಳುತ್ತಿದ್ದ. ಭಟ್ಟಿಯ ಹತ್ತಿರ ನಿಂತು ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಯಾರ ಮಾತು ನಂಬಬೇಕು, ಯಾರದ್ದು ಬೇಡ ಎಂದು ಅವರಿಗೆ ಗೊತ್ತಿತ್ತು, ಏಕೆಂದರೆ ಓಡಿ ಬಂದವನ ಮುಖ ಪರಿಚಯವಿತ್ತು. ಹೊತ್ತಿಗೆ ಮುಂಚೆ ಶಟರ್ ಎಳೆದದ್ದರಿಂದ ಅಪ್ಪನಿದ್ದ ಹೋಟೆಲು ಉಳಿಯಿತು. ಮಾಲೀಕರು ‘ರಾಜಕೀಯ ಮಾತಾಡಬೇಡಿ’ ಎಂದು ಹಿಂಬಾಗಿಲು ಮುಚ್ಚಿದ್ದರೆ?

ನನಗೆ ಆ ಹಿಂಬಾಗಿಲು ಬೇಕು. ಮುನ್ನೂರು ಜನ ಪರಸ್ಪರ ಮುಖ ಬಲ್ಲವರು ಇರುವ ಜಾಗದಲ್ಲಿ ಮಾತಾಡದೆ ಮತ್ತೆಲ್ಲಿ ಮಾತಾಡುವುದು?

ಬೋರ್ಡು ಒರೆಸಿದ ಮೂವರಲ್ಲಿ ಒಬ್ಬರು, ಅಪ್ಪನ ಬೋರ್ಡಿನವರು, ಹೋದ ವರ್ಷ ನನ್ನ ಗಲ್ಲಾದ ಹತ್ತಿರ ಬಂದು ಕೂತರು. ಕಾನೂನಿನ ಪ್ರತಿಯನ್ನು ಮುಂದಿಟ್ಟು ಓದಿಸಿದೆ. ವಾರದೊಳಗೆ ಪೇಂಟರನ್ನು ಕರೆಸಿ ಮರಾಠಿಯ ಕೆಳಗೆ ಕನ್ನಡ ಬರೆಸಿದರು. ಹಳೆಯ ಬೋರ್ಡಿನ ಅಕ್ಷರ ಹೇಗಿತ್ತೆಂದು ತೋರಿಸಲು ಅವರ ಹತ್ತಿರ ಫೋಟೊ ಕೂಡ ಇರಲಿಲ್ಲ.

ವಿರೋಧ
(ಮುಲುಂಡಿನ ಶಿಕ್ಷಕಿ, ಕನ್ನಡ ಮಹಿಳೆಯರ ಗ್ರೂಪಿನ ಅಡ್ಮಿನ್)

ವಿರೋಧ ಬರೆಯಲು ಇಬ್ಬರು ಒಲ್ಲೆ ಎಂದ ಮೇಲೆ ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಪೂರ್ತಿ ಮನಸ್ಸಿನಿಂದ ಬರೆಯುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ನಾನು ಗದಗಿನವಳು, ಮನೆಯಲ್ಲಿ ಊಟಕ್ಕಿಂತ ಹೆಚ್ಚು ರಾಜಕೀಯ ಇತ್ತು. ಈಗಲೂ ಗಂಡನ ಜೊತೆ, ಸ್ಟಾಫ್ ರೂಮಿನಲ್ಲಿ ದಿನವೂ ವಾದ ಮಾಡುತ್ತೇನೆ. ಆದರೂ ಗ್ರೂಪಿನಲ್ಲಿ ಬೇಡ ಎನ್ನುತ್ತೇನೆ.

ಮೊದಲ ಕಾರಣ, ಮಿತಿ ಹಾಕಿಕೊಳ್ಳುವುದು ತಪ್ಪಲ್ಲ. 2018ರ ಜುಲೈ 1ರಂದು ನಮ್ಮದೇ ರಾಜ್ಯದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಮಕ್ಕಳ ಕಳ್ಳರೆಂದು ಐವರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರೊಬ್ಬರನ್ನು ಕೊಂದರು. ಫೋನಿನಲ್ಲಿ ಹರಿದಾಡಿದ ವದಂತಿಯೇ ಕಾರಣ. ಆಗ ವಾಟ್ಸಾಪ್ ಕಂಪನಿಯೇ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಕಟ್ಟು ಹಾಕಿತು. ಕಂಪನಿ ಹಾಕಬಹುದಾದರೆ ನಾವೂ ಹಾಕಬಹುದು.

ನಿಪ್ಪಾಣಿಯ ಲಾರಿಯವರು ನಿಜ ಹೇಳಿದರು, ಸರಿ. ಎಲ್ಲ ಗ್ರೂಪಿನಲ್ಲೂ ನಿಪ್ಪಾಣಿ ದಾಟಿದ ಲಾರಿ ಇರುವುದಿಲ್ಲ. ಬೋರ್ಡಿನ ಪ್ರಶ್ನೆಗೆ ಹೋಟೆಲಿನವರಿಗೆ ಆಹಾರ್ ಸಂಘಟನೆ ಇದೆ, ವಕೀಲರಿದ್ದಾರೆ. ಮುನ್ನೂರು ಜನ ದಿನವಿಡೀ ಭಾಷಣ ಬಿಗಿಯುತ್ತ ಕೂಡಲಿ ಎಂಬುದು ಪರ ಬರೆದವರ ಆಸೆಯಾದರೆ ಅದಕ್ಕೆ ಮೈದಾನ ಬೇಕು, ಗ್ರೂಪು ಸಾಲದು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಾನು ಒಪ್ಪಿಕೊಂಡದ್ದು ಈ ಕಾರಣಗಳಿಗಾಗಿ ಅಲ್ಲ.

2021ರ ಏಪ್ರಿಲ್. ಕೋವಿಡ್ಡಿನ ಎರಡನೆಯ ಅಲೆ. ರಾಜ್ಯದಲ್ಲಿ ನಿರ್ಬಂಧ, ಹೊರಗೆ ಆ್ಯಂಬುಲೆನ್ಸಿನ ಸದ್ದು ಬಿಟ್ಟರೆ ಏನಿಲ್ಲ. ಅದೇ ಹೊತ್ತಿಗೆ ಪಶ್ಚಿಮ ಬಂಗಾಳದಲ್ಲಿ ಎಂಟು ಹಂತದ ಚುನಾವಣೆ. ಒಂದು ರಾತ್ರಿ ನಮ್ಮ ಗ್ರೂಪಿನಲ್ಲಿ ಜೋರು ವಾದ. ಇಂಥ ಸಮಯದಲ್ಲಿ ಪ್ರಚಾರ ಸಭೆ ಬೇಕಿತ್ತೆ, ಯಾರದು ತಪ್ಪು, ಕುಂಭಮೇಳ ಏಕೆ, ಹೀಗೆ ಐದು ಜನ ಬಿಡುವಿಲ್ಲದೆ ಬರೆಯುತ್ತಿದ್ದೆವು. ಐವರಲ್ಲಿ ನಾನೂ ಒಬ್ಬಳು. ಆಗ ನಾನು ಅಡ್ಮಿನ್ ಆಗಿರಲಿಲ್ಲ.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯವರು, ನಾವು ವೈನಿ (ಅತ್ತಿಗೆ) ಎಂದು ಕರೆಯುವವರು, 10.40ಕ್ಕೆ ಒಂದು ಸಾಲು ಹಾಕಿದ್ದರು. ‘ಇವರಿಗೆ ಆಕ್ಸಿಜನ್ 84ಕ್ಕ ಇಳದದ, ಬೆಡ್ ಎಲ್ಲ್ಯಾರ ಸಿಗತದೇನ್ರಿ.’ ಅದರ ಮೇಲೆ ನಮ್ಮ ಮಾತು ಬಿತ್ತು. ಆಮೇಲೆ ಎಣಿಸಿದ್ದೇನೆ, 163 ಮೆಸೇಜು. ಅದರಲ್ಲಿ 22 ನನ್ನವು. ನಾನು ಮೇಲೆ ಸರಿಸಿ ನೋಡಲಿಲ್ಲ, ಎದುರಿನವರಿಗೆ ಉತ್ತರ ಕೊಡುವ ಗಡಿಬಿಡಿಯಲ್ಲಿದ್ದೆ. ವೈನಿ ಎರಡನೆಯ ಸಲ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಆಮೇಲೆ ಕೇಳಿದಾಗ, ‘ನೀವೆಲ್ಲ ಅಷ್ಟು ಸಿಟ್ಟಿನೊಳಗ ಇದ್ರಿ, ನಡುವ ಹೆಂಗ ಮಾತಾಡಲಿ’ ಅಂದರು. ಬೆಡ್ ಹಂಚುತ್ತಿದ್ದ ಮಹಾನಗರಪಾಲಿಕೆಯ ವಾರ್ಡ್ ವಾರ್ ರೂಮಿಗೆ ಫೋನು ಹಚ್ಚುತ್ತ ಅವರು ರಾತ್ರಿಯಿಡೀ ಮೆಟ್ಟಿಲ ಮೇಲೆ ಕೂತಿದ್ದರು. ಮನೆಯೊಳಗೆ ನೆಟ್‌ವರ್ಕು ಸರಿ ಸಿಗುತ್ತಿರಲಿಲ್ಲ. ನನ್ನ ಮನೆ ಆ ಮೆಟ್ಟಿಲಿಂದ ಒಂದು ಮಹಡಿ ಮೇಲೆ.

ಗ್ರೂಪಿನಲ್ಲಿ ಭಾಂಡುಪಿನ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹುಡುಗಿಯೊಬ್ಬಳಿದ್ದಳು, ಅಂದು ನೈಟ್ ಡ್ಯೂಟಿ. ಒಂದು ಗಂಟೆಗೆ ಐದು ನಿಮಿಷ ಬಿಡುವಾಗಿ ಫೋನು ತೆರೆದಳಂತೆ. ಬಂಗಾಳ, ಬಂಗಾಳ, ಬಂಗಾಳ. ಮ್ಯೂಟ್ ಮಾಡಿ ಒಳಗಿಟ್ಟಳು. ಬೆಳಿಗ್ಗೆ ಆರೂವರೆಗೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಮೇಲಿನಿಂದ ಓದುತ್ತ ಬಂದಾಗ ಆ ಸಾಲು ಕಣ್ಣಿಗೆ ಬಿತ್ತು. ನನಗೆ ಫೋನು ಮಾಡಿದಳು. ‘ಟೀಚರ್, ಒಂದು ಗಂಟೆಗೆ ನಮ್ಮಲ್ಲಿ ಎರಡು ಬೆಡ್ ಖಾಲಿ ಇದ್ದವು’ ಎಂದು ಹೇಳಿ ಅಳತೊಡಗಿದಳು. ನಾನು ಚಪ್ಪಲಿ ಹಾಕದೆ ಕೆಳಗೆ ಇಳಿದೆ.

ಮಧ್ಯಾಹ್ನದ ಹೊತ್ತಿಗೆ ಬೇರೆ ಕಡೆ ಬೆಡ್ ಸಿಕ್ಕಿತು. ಆಗ ಆಕ್ಸಿಜನ್ 76. ವೈನಿಯ ಗಂಡ 19 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಉಳಿದರು. ಆದರೆ ಒಂದು ಮಹಡಿ ಹತ್ತಲು ಮೂರು ಕಡೆ ನಿಲ್ಲುತ್ತಾರೆ, ನಿಂತಾಗ ಗೋಡೆ ಹಿಡಿಯುತ್ತಾರೆ. ಆ ಹನ್ನೆರಡು ಹದಿಮೂರು ಗಂಟೆ ಮೊದಲೇ ಹೋಗಿದ್ದರೆ ಹೀಗಾಗುತ್ತಿರಲಿಲ್ಲವೆ ಎಂದು ಡಾಕ್ಟರನ್ನು ಕೇಳಿದೆ. ಹೇಳಲಿಕ್ಕಾಗದು ಎಂದರು.

ಅಂದು ನಾನು ಬರೆದ 22ರಲ್ಲಿ ಸುಳ್ಳು ಒಂದೂ ಇರಲಿಲ್ಲ. ಈಗ ಓದಿದರೂ ಪ್ರತಿಯೊಂದನ್ನೂ ಒಪ್ಪುತ್ತೇನೆ. ಪರ ಬರೆದವರು ಸುಳ್ಳು, ನಿಜ ಎಂದು ಬಹಳ ಹೇಳಿದ್ದಾರೆ, ನನ್ನ ಭಯ ಅದಲ್ಲ. ಒಬ್ಬರು ಮೆಲ್ಲಗೆ ಕೇಳಿದ್ದು ಕೇಳಿಸಬೇಕು, ನಮ್ಮ ಗ್ರೂಪು ಇರುವುದು ಅದಕ್ಕೆ. ನಿಜವೇ ಆದರೂ ಜೋರು ಮಾತು ಅದನ್ನು ಮುಳುಗಿಸುತ್ತದೆ. ಬೇರೆಯದೊಂದು ಗ್ರೂಪು ಮಾಡಿಕೊಂಡು ವಾದ ಮಾಡಿ, ನಾನೇ ಮೊದಲು ಸೇರುತ್ತೇನೆ.

ಆ ಮೇ ತಿಂಗಳಲ್ಲಿ ನನ್ನನ್ನು ಅಡ್ಮಿನ್ ಮಾಡಿದರು, ನಾನೇ ಕೇಳಿ ಪಡೆದೆ. ಆ ದಿನದಿಂದ ರಾಜಕೀಯದ ಮೆಸೇಜು ಬಂದ ಕೂಡಲೇ ಅಳಿಸುತ್ತೇನೆ, ಸರಿಯಾದದ್ದನ್ನೂ ಅಳಿಸುತ್ತೇನೆ. ಕೆಲವರು ಮಾತು ಬಿಟ್ಟಿದ್ದಾರೆ. ಆ ನರ್ಸ್ ಹುಡುಗಿ ಇನ್ನೂ ಗ್ರೂಪಿನಲ್ಲಿದ್ದಾಳೆ. ಮ್ಯೂಟ್ ತೆಗೆದಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.