ಈ ಫೈಲ್ ಓಪನ್ ಆಗಲ್ಲ ಅಣ್ಣ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕ್ಯಾಸೆಟ್ ಕೊಳ್ಳುವಾಗ "ಇದು ನಮ್ಮ ಮನೆ ಟೇಪ್ ರೆಕಾರ್ಡರಿನಲ್ಲಿ ಓಡುತ್ತಾ?" ಅಂತ ಯಾರಾದರೂ ಕೇಳಿದ್ದು ನಿಮಗೆ ನೆನಪಿದೆಯಾ? ನನಗಂತೂ ಇಲ್ಲ. ಓಡುತ್ತಿತ್ತು, ಅಷ್ಟೇ. ಮನೆಯ ಹಳೇ ಸೆಟ್ಟಿನಲ್ಲೂ ಓಡುತ್ತಿತ್ತು, ನೆಂಟರು ಗಲ್ಫಿನಿಂದ ತಂದ ದೊಡ್ಡ ಡಬ್ಬಲ್ ಡೆಕ್‌ನಲ್ಲೂ ಓಡುತ್ತಿತ್ತು, ಸಾಗರದ ಬಸ್ಸಿನ ಡ್ರೈವರ್ ಹಾಕಿಸಿಕೊಂಡಿದ್ದ ಡೆಕ್‌ನಲ್ಲೂ ಓಡುತ್ತಿತ್ತು. ಧ್ವನಿ ಅಷ್ಟಕ್ಕಷ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಟೇಪಿಗೆ ಬೂಸ್ಲು ಹಿಡಿದಿರುತ್ತಿತ್ತು. ಆದರೆ ಓಡಲ್ಲ ಅನ್ನುವ ಮಾತೇ ಇರಲಿಲ್ಲ.

ಇದು ತಾನಾಗಿ ಆದದ್ದೇನಲ್ಲ. ಈ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರಗೆ ತಂದಿತು. ಲೂ ಒಟ್ಟೆನ್ಸ್ ಅಂತ ಒಬ್ಬ ಡಚ್ ಇಂಜಿನಿಯರ್ ಮತ್ತು ಅವನ ತಂಡದ ಕೆಲಸ. ಆಮೇಲೆ ಆ ಕಂಪನಿ ಒಂದು ಒಳ್ಳೆ ಕೆಲಸ ಮಾಡಿತು. ಬೇರೆ ಕಂಪನಿಗಳೂ ಲೈಸೆನ್ಸ್ ಫೀಸು ಕೊಡದೆ ಅದೇ ಕ್ಯಾಸೆಟ್ ಮಾಡಿಕೊಳ್ಳಲಿ ಅಂತ ಬಿಟ್ಟಿತು. ಅಳತೆ ಎಲ್ಲರದ್ದೂ ಒಂದೇ. ಶಿವಮೊಗ್ಗ ಸುಬ್ಬಣ್ಣ, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಇವರೆಲ್ಲ ಹಾಡಿದ ಭಾವಗೀತೆ ನಮ್ಮ ಕಡೆಯ ಒಂಟಿ ಮನೆಗಳಿಗೂ ಬಂದು ಮುಟ್ಟಿದ್ದರಲ್ಲಿ ಆ ತೀರ್ಮಾನದ ಪಾಲೂ ಇದೆ.

ನನ್ನ ತಕರಾರು ಇಲ್ಲಿಂದ ಶುರು. ಡಿಜಿಟಲ್ ಬಂದರೆ ಹಾಡು ಕೆಡೋದಿಲ್ಲ, ಬೂಸ್ಲು ಹಿಡಿಯೋದಿಲ್ಲ ಅಂದರು. ಸರಿ, ಹಿಡಿಯಲಿಲ್ಲ. ಫೈಲು ಹಾಗೇ ಇದೆ. ಅದನ್ನು ತೆರೆಯುವ ಸಾಫ್ಟ್‌ವೇರ್ ಸತ್ತಿದೆ, ಅದಕ್ಕೆ ಅನುಮತಿ ಕೊಡುವ ಸರ್ವರ್ ಮುಚ್ಚಿದೆ. ಇದನ್ನು ಟೆಕ್ನಿಕಲ್ ತೊಂದರೆ ಅಂತ ನಮಗೆ ನಂಬಿಸಿದ್ದಾರೆ. ನಾನು ಒಪ್ಪುವುದಿಲ್ಲ. ಯಾರೋ ಒಂದು ಆಫೀಸಿನಲ್ಲಿ ಕೂತು, ಗಿರಾಕಿ ನಮ್ಮ ಪ್ಲೇಯರ್ ಬಿಟ್ಟು ಹೋಗಬಾರದು ಅಂತ ಬೇಕೆಂದೇ ಮಾಡಿದ ಕೆಲಸ ಇದು.

ನಮ್ಮ ಅಪ್ಪಯ್ಯನಿಗೆ ತಾಳಮದ್ದಳೆ ಹುಚ್ಚು, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಹೊಸನಗರ, ಸಾಗರದ ಕಡೆ ಯಾರ ಮನೆಯಲ್ಲಿ ಕೂಟ ಇದ್ದರೂ ಹೋಗುತ್ತಿದ್ದರು. ಒಂದು ಕಾಲದಲ್ಲಿ ಜೇಬಿನಲ್ಲಿ ಹಿಡಿಯುವ ಡಿಜಿಟಲ್ ರೆಕಾರ್ಡರ್ ಕೊಂಡರು. ಯಾವ ಕಂಪನಿಯದು ಅಂತ ಬೇಡ ಬಿಡಿ. ಎರಡು ಸಣ್ಣ ಸೆಲ್ಲು ಹಾಕಿ ಭಾಗವತರ ಮುಂದೆ ಇಟ್ಟರೆ ರಾತ್ರಿಯಿಡೀ ಕೂಟ ಅದರಲ್ಲಿ ಹಿಡಿಯುತ್ತಿತ್ತು. ಧ್ವನಿಯೂ ಚೆನ್ನಾಗಿಯೇ ಬರುತ್ತಿತ್ತು. ಪಾತ್ರದ ಮಾತು ಆಡುವ, ಈಗ ಇಲ್ಲದ ಎಷ್ಟೋ ಅರ್ಥಧಾರಿಗಳ ಧ್ವನಿ ಅದರಲ್ಲಿದೆ. ಒಬ್ಬರು ಕರ್ಣನ ಅರ್ಥ ಹೇಳುತ್ತಾ ಅಡಿಕೆ ರೇಟಿನವರೆಗೆ ಹೋಗಿ ಮತ್ತೆ ಕುರುಕ್ಷೇತ್ರಕ್ಕೆ ಬರುವ ಜಾಗ ಒಂದಿದೆ, ಅಪ್ಪಯ್ಯ ಅದನ್ನು ಕೇಳಿ ಈಗಲೂ ನಗುತ್ತಾರೆ.

ಅದನ್ನು ಪೆನ್‌ಡ್ರೈವಿಗೆ ಹಾಕಿಕೊಡು ಅಂದರು. ಕೇಬಲ್ ಸಿಕ್ಕಿಸಿದೆ. ಕಂಪ್ಯೂಟರಿನಲ್ಲಿ ಫೈಲುಗಳು ಸಾಲಾಗಿ ಕಂಡವು. ಕಾಪಿಯೂ ಆದವು. ಒಂದೂ ತೆರೆಯಲಿಲ್ಲ. ಫೈಲಿನ ಹೆಸರಿನ ಕೊನೆಗೆ ನಾನು ಕಂಡು ಕೇಳದ ಮೂರಕ್ಷರ. ಆ ಕಂಪನಿಯದೇ ಒಂದು ಸಾಫ್ಟ್‌ವೇರ್ ಇದ್ದರೆ ಮಾತ್ರ ಇವು ತೆರೆಯುತ್ತವಂತೆ. ಅದರ ಸಿಡಿ ಇತ್ತು, ಆದರೆ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕಲು ಜಾಗವೇ ಇಲ್ಲ, ಅದು ಇನ್ನೊಂದು ಕಥೆ. ದುರ್ಗಿಗುಡಿಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಹುಡುಗ ಹುಷಾರಿದ್ದ, ಏನೇನೋ ಹಾಕಿ ನೋಡಿದ.

"ಈ ಫೈಲ್ ಓಪನ್ ಆಗಲ್ಲ ಅಣ್ಣ. ಹಾಳಾಗಿಲ್ಲ. ಯಾವ ಪ್ಲೇಯರ್‌ಗೂ ಇದು ಎಂತದು ಅಂತಾನೇ ಗೊತ್ತಾಗ್ತಿಲ್ಲ."

ಪಕ್ಕದಲ್ಲಿ ನಿಂತಿದ್ದವರೊಬ್ಬರು ಸಲಹೆ ಕೊಟ್ಟರು: "ಕೊನೆಯಲ್ಲಿರೋ ಅಕ್ಷರ ಅಳಿಸಿ ಎಂಪಿ3 ಅಂತ ಬರೀರಿ, ಆಗುತ್ತೆ." ಇದನ್ನು ನಂಬಿದವರು ತುಂಬಾ ಜನ ಇದ್ದಾರೆ. ಗೊರಬಲು, ಅಂದರೆ ಕಡಿಮೆ ದರ್ಜೆಯ ಅಡಿಕೆ, ತುಂಬಿದ ಚೀಲದ ಮೇಲೆ ಒಳ್ಳೆ ದರ್ಜೆಯ ರಾಶಿ ಇಡಿ ಅಂತ ಬರೆದರೆ ಎಪಿಎಂಸಿಯಲ್ಲಿ ರಾಶಿಯ ರೇಟು ಕೊಡುತ್ತಾರಾ? ಚೀಲ ಬಿಚ್ಚಿ ನೋಡೇ ನೋಡುತ್ತಾರೆ. ಪ್ಲೇಯರ್ ಕೂಡ ಒಳಗಿನ ಮಾಲನ್ನೇ ನೋಡೋದು.

ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಆ ಡಬ್ಬಿಯಲ್ಲಿ ಕೇಳುತ್ತಲ್ಲ ಮಾರಾಯ, ಕಂಪ್ಯೂಟರಿನಲ್ಲಿ ಎಂತಕ್ಕೆ ಕೇಳಲ್ಲ?" ಇದಕ್ಕೆ ಆ ಕಂಪನಿಯವರೇ ಉತ್ತರ ಕೊಡಬೇಕು.

ತಮಾಷೆ ಎಂದರೆ ಅಪ್ಪಯ್ಯನ ಗೆಳೆಯರೊಬ್ಬರು ಅದೇ ಕಾಲದಲ್ಲಿ ತಮ್ಮ ಕೀಪ್ಯಾಡ್ ಮೊಬೈಲಿನಲ್ಲಿ ಹಿಡಿದ ಕೂಟಗಳು ಈಗಲೂ ತೆರೆಯುತ್ತವೆ. ಅವು ಎಎಂಆರ್ ಫೈಲು. ಫೋನಿನ ಮಾತಿಗೆ ಅಂತ ಮಾಡಿದ ಫಾರ್ಮ್ಯಾಟ್ ಅದು, ಸಂಗೀತಕ್ಕಲ್ಲ. ಹೆಚ್ಚೆಂದರೆ ಸೆಕೆಂಡಿಗೆ 12.2 ಕಿಲೋಬಿಟ್. ಮದ್ದಳೆ ಬರೀ ಟಪ್ ಟಪ್ ಅನ್ನುತ್ತದೆ, ಭಾಗವತರಿಗೆ ಮೂಗು ಕಟ್ಟಿದ ಹಾಗಿದೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಎಲ್ಲರಿಗೂ ಸಿಗುವ ಹಾಗೆ ಬರೆದಿಟ್ಟಿದೆ. ಹಾಗಾಗಿ ವಿಎಲ್‌ಸಿಯಂಥ ಉಚಿತ ಪ್ಲೇಯರ್ ಅದನ್ನು ಸುಮ್ನೆ ನುಡಿಸುತ್ತದೆ. ಜಾಸ್ತಿ ದುಡ್ಡು ಕೊಟ್ಟ, ಒಳ್ಳೆ ಧ್ವನಿಯ ರೆಕಾರ್ಡಿಂಗ್ ಮಾತ್ರ ಒಳಗೇ ಉಳಿಯಿತು.

ಇದೇನು ನಮ್ಮೊಬ್ಬರ ಹಣೆಬರಹ ಅಲ್ಲ. ಪೋರ್ಟೆಬಲ್ ಪ್ಲೇಯರ್‌ಗಳ ಇತಿಹಾಸವೇ ಹೀಗೆ. ವಾಕ್‌ಮನ್ ಮಾಡಿ ಜಗತ್ತಿಗೆ ನಡೆಯುತ್ತಾ ಹಾಡು ಕೇಳುವುದನ್ನು ಕಲಿಸಿದ ಸೋನಿ, 1999ರಲ್ಲಿ ಮೆಮೊರಿ ಸ್ಟಿಕ್ಕಿನ ವಾಕ್‌ಮನ್ ತಂದಾಗ ಅದರಲ್ಲಿ ಎಂಪಿ3 ನೇರವಾಗಿ ಓಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಸಾಫ್ಟ್‌ವೇರ್ ಹಾಕಿ, ಹಾಡನ್ನೆಲ್ಲ ಅವರದೇ ಎಟ್ರಾಕ್ ಫಾರ್ಮ್ಯಾಟಿಗೆ ತಿರುಗಿಸಿ ಕಳಿಸಬೇಕಿತ್ತು. 2004ರಲ್ಲಿ ಹಾರ್ಡ್ ಡಿಸ್ಕ್ ಇರುವ ವಾಕ್‌ಮನ್ ಬಂತು, ಮೊದಲ ಮಾಡೆಲಿನಲ್ಲಿ ಆಗಲೂ ಅದೇ ಹಟ. ಊರಿಗೆಲ್ಲ ಎಂಪಿ3 ಬಂದು ವರ್ಷಗಳಾಗಿದ್ದವು. ಆ ವರ್ಷದ ಕೊನೆಯ ಹೊತ್ತಿಗೆ ಬಂದ ಮಾಡೆಲ್‌ನಲ್ಲಿ ಎಂಪಿ3 ಓಡತೊಡಗಿತು, ಅಷ್ಟರಲ್ಲಿ ಜನ ಐಪಾಡ್ ಕಡೆ ಹೋಗಿದ್ದರು. ಹಾಡು ಮಾರುವ ಕಂಪನಿಯೂ ಅವರದೇ, ಪ್ಲೇಯರ್ ಮಾರುವ ಕಂಪನಿಯೂ ಅವರದೇ ಆಗಿದ್ದರಿಂದ ಹೀಗಾಯಿತು ಅಂತ ನನ್ನ ಅನಿಸಿಕೆ. ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಹಿಡಿದುಕೊಂಡಿತು.

ಐಪಾಡ್ ಎಂಪಿ3 ನುಡಿಸುತ್ತಿತ್ತು, ಒಪ್ಪೋಣ. ಆದರೆ ಆಪಲ್‌ನದೇ ಹಾಡಿನ ಅಂಗಡಿ ಐಟ್ಯೂನ್ಸ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಹಾಡು ಮೊದಲ ವರ್ಷಗಳಲ್ಲಿ ಆಪಲ್ ಬಿಟ್ಟು ಬೇರೆ ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಆ ಹಾಡುಗಳು ಇದ್ದ ಎಎಸಿ ಆಪಲ್‌ನ ಫಾರ್ಮ್ಯಾಟ್ ಅಂತ ಜನ ಬೈಯುತ್ತಾರೆ. ಅಲ್ಲ, ಅದು ಹಲವರು ಸೇರಿ ಮಾಡಿದ ಎಂಪೆಗ್ ಸ್ಟ್ಯಾಂಡರ್ಡ್. ಆಪಲ್‌ನದು ಅದರ ಮೇಲೆ ಹಾಕಿದ ಫೇರ್‌ಪ್ಲೇ ಎಂಬ ಬೀಗ. 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ರೆಕಾರ್ಡ್ ಕಂಪನಿಗಳು ಒಪ್ಪಿದರೆ ಬೀಗ ತೆಗೆಯುತ್ತೇವೆ ಅಂದರು. 2009ರಲ್ಲಿ ತೆಗೆದರು. ಐಪಾಡ್‌ನೊಳಗಿನ ಹಾಡನ್ನು ಬೇರೆ ಕಂಪ್ಯೂಟರಿಗೆ ತೆಗೆದುಕೊಳ್ಳುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. ಅಡಗಿಸಿಟ್ಟ ಫೋಲ್ಡರುಗಳಲ್ಲಿ ಹಾಡುಗಳನ್ನು ಅರ್ಥವಿಲ್ಲದ ನಾಲ್ಕಕ್ಷರದ ಹೆಸರಿಟ್ಟು ಚದುರಿಸಿಡುತ್ತಿದ್ದರು.

ಮೈಕ್ರೋಸಾಫ್ಟ್‌ನದು ಇನ್ನೂ ಮಜಾ. 2004ರಲ್ಲಿ 'ಪ್ಲೇಸ್ ಫಾರ್ ಶ್ಯೂರ್' ಅಂತ ಮುದ್ರೆ ಒತ್ತಿದರು. ಆ ಮುದ್ರೆ ಇದ್ದ ಅಂಗಡಿಯಲ್ಲಿ ಹಾಡು ಕೊಂಡು, ಆ ಮುದ್ರೆ ಇದ್ದ ಪ್ಲೇಯರಿನಲ್ಲಿ ಕೇಳಿ ಅಂದರು. ಎರಡೇ ವರ್ಷಕ್ಕೆ, 2006ರಲ್ಲಿ, ತಮ್ಮದೇ ಝೂನ್ ಪ್ಲೇಯರ್ ತಂದರು. ಅದರಲ್ಲಿ ಆ ಹಾಡುಗಳು ಓಡಲಿಲ್ಲ! 2008ರಲ್ಲಿ ತಮ್ಮದೇ ಹಾಡಿನ ಅಂಗಡಿ ಎಂಎಸ್ಎನ್ ಮ್ಯೂಸಿಕ್‌ನ ಗಿರಾಕಿಗಳಿಗೆ, ಆಗಸ್ಟ್ 31ರ ನಂತರ ಹೊಸ ಕಂಪ್ಯೂಟರಿಗೆ ಹಾಡಿನ ಬೀಗ ತೆರೆಯುವ ಕೀ ಕೊಡುವುದಿಲ್ಲ ಅಂತ ತಿಳಿಸಿದರು. ಅಂದರೆ ಕಂಪ್ಯೂಟರ್ ಬದಲಾಯಿಸಿದರೆ ನೀವು ಕೊಂಡ ಹಾಡು ಹೋಯಿತು. ಜನ ಗಲಾಟೆ ಮಾಡಿದ ಮೇಲೆ 2011ರ ಕೊನೆವರೆಗೆ ಮುಂದೂಡಿದರು.

ಅದೇ ವರ್ಷಗಳಲ್ಲಿ ನಮ್ಮ ಪೇಟೆಗಳಲ್ಲಿ ಏನು ನಡೆಯುತ್ತಿತ್ತು ಅಂತ ಎಲ್ಲರಿಗೂ ಗೊತ್ತು. ಮೊಬೈಲ್ ಅಂಗಡಿಗೆ ಮೆಮೊರಿ ಕಾರ್ಡ್ ಕೊಟ್ಟು "ಫುಲ್ ಮಾಡಿ ಕೊಡಣ್ಣ, ರಾಜ್‌ಕುಮಾರ್ ಜಾಸ್ತಿ ಇರಲಿ" ಅಂದರೆ ಸಾಕಿತ್ತು. ಅದು ಕದ್ದ ಮಾಲು, ಹಾಡಿದವರಿಗೆ ಬಿಡಿಗಾಸೂ ಹೋಗಲಿಲ್ಲ. ಸರಿ ಅಂತ ನಾನು ಹೇಳೋದಿಲ್ಲ. ಆದರೆ ಕದ್ದ ಎಂಪಿ3 ಮೊಬೈಲು, ಆಟೋ, ಚೀನಾ ಸೆಟ್ಟು ಎಲ್ಲದರಲ್ಲೂ ಓಡಿತು. ದುಡ್ಡು ಕೊಟ್ಟು ಕೊಂಡವನು ಕೀ ಕೇಳುತ್ತಾ ಕೂತ. ಪೈರಸಿ ಬಗ್ಗೆ ಭಾಷಣ ಮಾಡುವವರು ಇದನ್ನು ಯಾಕೋ ಹೇಳೋದೇ ಇಲ್ಲ. ಅಂದ ಹಾಗೆ ಎಂಪಿ3 ಕೂಡ ಪೇಟೆಂಟ್ ಇದ್ದ ಫಾರ್ಮ್ಯಾಟೇ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲೈಸೆನ್ಸ್ ಕೊಡುವುದನ್ನು 2017ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಆದರೂ ಅವರು ಅದನ್ನು ಒಂದೇ ಕಂಪನಿಯ ಪ್ಲೇಯರಿಗೆ ಕಟ್ಟಿ ಹಾಕಿರಲಿಲ್ಲ. ವ್ಯತ್ಯಾಸ ಇರೋದು ಅಲ್ಲೇ.

ಈಗ ಯಾರೂ ಫೈಲ್ ಇಟ್ಟುಕೊಳ್ಳಲ್ಲ, ಎಲ್ಲಾ ಸ್ಟ್ರೀಮಿಂಗ್, ನೀವು ಯಾವ ಕಾಲದಲ್ಲಿದ್ದೀರಿ ಅಂತ ಕೇಳಬಹುದು. ನಾನು ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಎಂಬ ಊರುಗಳ ಕಡೆ ಓಡಾಡುವವನು. 'ನೋ ನೆಟ್‌ವರ್ಕ್ ನೋ ವೋಟಿಂಗ್' ಅಂತ ಜನ ಬೋರ್ಡ್ ಹಾಕಿದ ಜಿಲ್ಲೆ ನಮ್ಮದು. ಡೌನ್‌ಲೋಡ್ ಮಾಡಿಕೊಳ್ಳಿ ಅಂತೀರಾ? ಮಾಡಬಹುದು. ಆದರೆ ಆ ಡೌನ್‌ಲೋಡ್ ಆ ಆ್ಯಪಿನೊಳಗೇ ಇರುತ್ತದೆ, ಪೆನ್‌ಡ್ರೈವಿಗೆ ಬರೋದಿಲ್ಲ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಮುಖ ತೋರಿಸದಿದ್ದರೆ ಡೌನ್‌ಲೋಡ್ ಮಾಡಿದ್ದೂ ಓಡುವುದಿಲ್ಲ. ಚಂದಾ ನಿಲ್ಲಿಸಿದರೆ ಅದೂ ಇಲ್ಲ. ಬಾಡಿಗೆ ಅಂತ ಗೊತ್ತಿದ್ದು ಬಾಡಿಗೆ ಕೊಡುವುದಕ್ಕೆ ನನ್ನ ಅಡ್ಡಿ ಇಲ್ಲ, ನಾನೂ ಕೊಡುತ್ತೇನೆ. ನನ್ನ ಸಿಟ್ಟು ಇರೋದು ಕೊಂಡ ಮಾಲಿಗೂ, ನಾವೇ ರೆಕಾರ್ಡ್ ಮಾಡಿದ್ದಕ್ಕೂ ಬೀಗ ಹಾಕಿದವರ ಮೇಲೆ.

ಕಾರಿನ ಸ್ಟೀರಿಯೋ ಬಗ್ಗೆ ಎರಡು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಪೆನ್‌ಡ್ರೈವ್ ಹಾಕಿದರೆ 'ನೋ ಫೈಲ್' ಅನ್ನುತ್ತದಲ್ಲ, ಹೆಚ್ಚಿನ ಸಲ ಹಾಡಿನ ತಪ್ಪಲ್ಲ. ಪೆನ್‌ಡ್ರೈವ್ ಎನ್‌ಟಿಎಫ್ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ, ಆ ಸೆಟ್ಟಿಗೆ ಓದಲು ಬಾರದ ಕ್ರಮದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಫ್ಯಾಟ್32 ಮಾಡಿ ನೋಡಿ. ಹಾಡಿನ ಹೆಸರು ಕನ್ನಡದಲ್ಲಿದ್ದರೆ ಎಷ್ಟೋ ಸೆಟ್ಟುಗಳು ಬರೀ ಚೌಕ ಚೌಕ ತೋರಿಸುತ್ತವೆ. ಶಿವಮೊಗ್ಗದಲ್ಲಿ ಮಾರುವ ಸೆಟ್ಟಿಗೆ ಕನ್ನಡ ಓದಲು ಬರೋದಿಲ್ಲ ಅಂದರೆ ಏನು ಹೇಳೋದು.

ಅಪ್ಪಯ್ಯನ ಕೂಟಗಳನ್ನು ಕೊನೆಗೆ ಹೊರಗೆ ತೆಗೆದೆ. ಯಾವ ಬೀಗವನ್ನೂ ಒಡೆಯಲಿಲ್ಲ. ಧ್ವನಿ ಕಿವಿಗೆ ಬರಲೇಬೇಕಲ್ವಾ, ಅಲ್ಲಿ ಹಿಡಿದೆ. ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ಎರಡೂ ತುದಿಗೆ ಪಿನ್ ಇರುವ ಆಕ್ಸ್ ಕೇಬಲ್. ಅಲ್ಲಿ ಪ್ಲೇ, ಇಲ್ಲಿ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕಿಗೂ ಇಯರ್‌ಫೋನಿಗೂ ಸೇರಿ ಒಂದೇ ತೂತು ಇರುತ್ತದೆ, ಅದಕ್ಕೆ ಈ ಕೇಬಲ್ ಹೊಂದುವುದಿಲ್ಲ. ಮೈಕ್ ತೂತು ಬೇರೆ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಇಟ್ಟರೆ ಚಂಡೆ ಬಂದಾಗೆಲ್ಲ ಮೀಟರ್ ಕೆಂಪಾಗಿ ಧ್ವನಿ ಒಡೆಯುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ್ದರೆ ಹಿಂದೆ ಗುಂಯ್ ಅಂತ ಒಂದು ಸದ್ದು ಸೇರಿಕೊಳ್ಳುತ್ತದೆ, ಬ್ಯಾಟರಿಯಲ್ಲೇ ನಡೆಸುವುದು ಒಳ್ಳೆಯದು. ಹೇಗೂ ನಮ್ಮಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ.

ಇದರ ಕಷ್ಟ ಒಂದೇ. ಕೂಟ ಎಷ್ಟು ಹೊತ್ತು ನಡೆದಿದೆಯೋ ಅಷ್ಟೇ ಹೊತ್ತು ಇದೂ ಬೇಕು. ರಾತ್ರಿಯಿಡೀ ನಡೆದ ಪ್ರಸಂಗಕ್ಕೆ ರಾತ್ರಿಯಿಡೀ. ಅಪ್ಪಯ್ಯನಿಗೆ ಅದು ಕಷ್ಟ ಅನ್ನಿಸಲೇ ಇಲ್ಲ, ಪಕ್ಕದಲ್ಲಿ ಕವಳ ಹಾಕಿಕೊಂಡು ಕೂತು ಎಲ್ಲವನ್ನೂ ಮತ್ತೆ ಕೇಳಿದರು. ಮಧ್ಯೆ ಸೆಲ್ಲು ಮುಗಿದು ನಿಂತಾಗ ಬೈದದ್ದು ನನ್ನನ್ನು.

ಮೊದಲು ವೇವ್ ಫೈಲ್ ಆಗಿ ಉಳಿಸಿದೆ. ಒಂದು ಗಂಟೆಗೆ ಸುಮಾರು 300 ಎಂಬಿ, ಮೋನೋದಲ್ಲಿ, ಅಂದರೆ ಒಂದೇ ಚಾನೆಲ್. ಜಾಗ ಉಳಿಸಲು ಅದನ್ನೇ ಫ್ಲ್ಯಾಕ್ ಎಂಬ ಫಾರ್ಮ್ಯಾಟಿಗೆ ತಿರುಗಿಸಬಹುದು, ಧ್ವನಿ ಒಂದಿಷ್ಟೂ ಕೆಡುವುದಿಲ್ಲ, ಯಾರ ಅಪ್ಪಣೆಯೂ ಬೇಡ. ಮೊಬೈಲಿಗೆ, ಕಾರಿಗೆ, ನೆಂಟರಿಗೆ ಹಂಚಲು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾಡಿದರೆ ಗಂಟೆಗೆ 60 ಎಂಬಿಯೊಳಗೆ ಮುಗಿಯುತ್ತದೆ.

ನಮ್ಮ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂಥ ಡಬ್ಬಿಗಳಿರುತ್ತವೆ. ಅಜ್ಜಿಯ ಸೋಬಾನೆ, ಯಾರದೋ ಮದುವೆಯ ಹಸೆಗೆ ಕರೆಯುವ ಹಾಡು, ಊರಿನ ಕೂಟ. ಡಬ್ಬಿ ನಡೆಯುತ್ತಿರುವಾಗಲೇ ತೆಗೆದುಕೊಳ್ಳಬೇಕು, ಅದು ಕೆಟ್ಟರೆ ಆಕ್ಸ್ ಕೇಬಲ್ಲೂ ಏನೂ ಮಾಡಲಾರದು. ಮಳೆ ಹಿಡಿಯುವ ಮೊದಲು, ಭಾನುವಾರಗಳಲ್ಲಿ ನಾನು ಶಿವಮೊಗ್ಗದಲ್ಲಿ ಇರುತ್ತೇನೆ. ಪರಿಚಯದವರು ಇನ್‌ಬಾಕ್ಸ್‌ಗೆ ಬನ್ನಿ. ಕೇಬಲ್, ಸೌಂಡ್ ಕಾರ್ಡ್ ನನ್ನ ಹತ್ತಿರ ಇದೆ. ಹೊಸ ಸೆಲ್ಲು ನೀವೇ ತನ್ನಿ, ಒಂದೆರಡು ಜಾಸ್ತಿಯೇ ಇರಲಿ.