ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಪುಕ್ಕಟೆಯಲ್ಲ

ಇಂಟರ್ನೆಟ್‌ನಲ್ಲಿ ಸಿಗುವ ಉಚಿತ ಚಿತ್ರಕ್ಕೂ ಷರತ್ತು ಇರುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ನೂರಕ್ಕೆ ನೂರು ನಿಜ. ಹಾಸನದಲ್ಲಿ ನನ್ನದು ಡಿಟಿಪಿ ಅಂಗಡಿ. ಮೊನ್ನೆ ಒಬ್ಬರು ಮದುವೆ ಕಾರ್ಡಿಗೆ ಅಂತ ಹಳೇಬೀಡಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರು. ದೊಡ್ಡದು ಮಾಡಿ ನೋಡಿದರೆ, ಮೂಲೆಯಲ್ಲಿ ಯಾರದೋ ಹೆಸರು ಅರ್ಧ ಅಳಿಸಿದ ಗುರುತು! ತುಂಬಾ ಬೇಜಾರಾಯಿತು. ಒಳ್ಳೆ ಬೆಳಕಿಗೆ ಎಷ್ಟು ಹೊತ್ತು ಕಾದು ತೆಗೆದಿದ್ದರೋ ಏನೋ, ಅಲ್ವಾ?

ಅದನ್ನು ಬಿಟ್ಟು, ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್‌ನಲ್ಲಿ ಬೇರೆ ಹುಡುಕಿದೆವು. ಅಲ್ಲಿ ಪ್ರತಿ ಚಿತ್ರದ ಜೊತೆ ಲೈಸೆನ್ಸ್, ಅಂದರೆ ಅದನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಅಂತ ಬರೆದಿರುತ್ತದೆ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಇಂಥ ಲೈಸೆನ್ಸ್‌ಗಳ ಒಂದು ಗುಂಪು. ಸಿಸಿ ಝೀರೋ (CC0) ಇದ್ದರೆ ಹೆಸರು ಹಾಕದಿದ್ದರೂ ನಡೆಯುತ್ತದೆ. ಸಿಸಿ ಬೈ (CC BY) ಅಂತ ಇದ್ದರೆ ತೆಗೆದವರ ಹೆಸರು ಹಾಕಲೇಬೇಕು. ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಾವು ಆರಿಸಿದ ಚಿತ್ರ ತೆಗೆದವರ ಹೆಸರು, ಅದರ ಲೈಸೆನ್ಸ್ ಎರಡೂ ಹಾಕಿದೆ. ಒಂದೇ ಸಾಲು ಹಿಡಿಯಿತು.